ಸುರಂಗ ಬಾವಿಗೆ ಹನ್ನೊಂದು ಮಂದಿ

ಆಷಾಢದ ಮೊದಲ ವಾರ

ಆಷಾಢ ಬಂತು ಅಂದ್ರೆ ನಮ್ಮ ಪ್ರೆಸ್ಸಿನಲ್ಲಿ ಕೆಲಸ ಇರುವುದಿಲ್ಲ. ಲಗ್ನ ಇಲ್ಲ, ಲಗ್ನಪತ್ರಿಕೆ ಇಲ್ಲ. ಬೀದರಿನ ಚೌಬಾರಾ ಹತ್ತಿರದ ಈ ಸಣ್ಣ ಅಂಗಡಿಯಲ್ಲಿ ನಾನು 18 ವರ್ಷದಿಂದ ಅಚ್ಚು ಹಾಕುತ್ತಿದ್ದೇನೆ. ಮೇ ತಿಂಗಳಲ್ಲಿ ಊಟಕ್ಕೂ ಪುರಸೊತ್ತಿರಲಿಲ್ಲ. ಈಗ ಮಷೀನಿನ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿಟ್ಟಿದ್ದೇನೆ.

ತಪ್ಪು ಅಚ್ಚಾದ ಪತ್ರಿಕೆಗಳು ಒಂದು ಪೆಟ್ಟಿಗೆ ತುಂಬ ಉಳಿದಿವೆ. ದಪ್ಪ ಕಾಗದ, ಹಿಂಬದಿ ಖಾಲಿ. ಎಸೆಯಲು ಮನಸ್ಸು ಬರಲಿಲ್ಲ. ಪ್ರತಿ ಆಷಾಢದಲ್ಲೂ ಓದುವುದಕ್ಕೆ ಒಂದು ನೆಪ ಹುಡುಕುತ್ತೇನೆ. ಈ ಸಲ ಸಿಕ್ಕ ನೆಪ ಇದು: ನಮ್ಮ ಕಾಲದ ಕನ್ನಡ ಕತೆ, ಕಾದಂಬರಿಗಳಿಂದ 11 ಪಾತ್ರಗಳನ್ನು ಆರಿಸಿ ಒಂದು ತಂಡ ಕಟ್ಟಬೇಕು. ಒಂದೊಂದು ಪಾತ್ರಕ್ಕೆ ಒಂದೊಂದು ಪತ್ರಿಕೆ. ಹಿಂಬದಿಯಲ್ಲಿ ಹೆಸರು, ಬಂದ ಪುಸ್ತಕ, ಏನು ಬರುತ್ತೆ, ಏನು ಬರಲ್ಲ.

ಒಂದೇ ನಿಯಮ ಇಟ್ಟುಕೊಂಡೆ. ಕಳೆದ 50 ವರ್ಷದೊಳಗೆ ಬಂದ ಬರಹ ಆಗಿರಬೇಕು. ಕಾಲೇಜಿಗೆ ಹೋಗುವ ಅಕ್ಕನ ಮಗಳು ಮೊದಲ ದಿನವೇ ಜಗಳಕ್ಕೆ ನಿಂತಳು. "ಮಾಮಾ, ಗುತ್ತಿ ಇಲ್ದ ತಂಡ ಎಂಥಾ ತಂಡ?" ಅಂದಳು. ಅವಳು ಹೇಳಿದ್ದು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ. ಹುಲಿಯ ಅನ್ನುವ ನಾಯಿಯನ್ನು ಜೊತೆಗಿಟ್ಟುಕೊಂಡು ಕಾಡು ಸುತ್ತುವವನು. ಆದರೆ ಆ ಕಾದಂಬರಿ ಬಂದದ್ದು 1967ರಲ್ಲಿ. ನನಗೂ ಹೊಟ್ಟೆ ಉರಿಯಿತು. ನಿಯಮ ಸಡಿಲಿಸಿದರೆ ಕಾರಂತರ 'ಚೋಮನ ದುಡಿ'ಯ ಚೋಮ ಬರ್ತಾನೆ, ಚೋಮನ ಹಿಂದೆ ಎಲ್ಲರೂ ಬರ್ತಾರೆ. ಗುತ್ತಿ ಹೊರಗೇ ಉಳಿದ.

ಹತ್ತು ದಿನದ ಮೇಲೆ

ಮೊದಲ ಪಟ್ಟಿ ಹಾಳಾಯಿತು. ಎಲ್ಲರಿಗೂ ಗೊತ್ತಿರುವ ಹೆಸರು ಅಂತ ಬರೆದುಕೊಂಡು ಹೋದೆ. ಹನ್ನೊಂದು ತುಂಬಿತು, ಗೋಡೆಗೆ ಅಂಟಿಸಿದೆ. ನೋಡಿದರೆ ಏನೂ ಆಗಲಿಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವೇ ಇಲ್ಲ. ಮದುವೆ ಮನೆಯಲ್ಲಿ ಪರಿಚಯ ಇಲ್ಲದವರು ಒಂದೇ ಸಾಲಿನಲ್ಲಿ ಊಟಕ್ಕೆ ಕೂತ ಹಾಗಿತ್ತು.

ಬಿಡುವಿದ್ದಾಗ ಪ್ರೆಸ್ಸಿಗೆ ಬಂದು ಪೇಪರ್ ಓದುವ ಕಾಕಾ ಒಬ್ಬರಿದ್ದಾರೆ. ವಯಸ್ಸಿನಲ್ಲಿ ಬಾವಿ ತೋಡುತ್ತಿದ್ದವರು. ಕತೆ, ಕಾದಂಬರಿ ಓದಿದವರಲ್ಲ. ಗೋಡೆ ನೋಡಿ ಒಂದೇ ಮಾತು ಕೇಳಿದರು. "ಮಂದಿ ಕೂಡ್ಸೀದಿ, ಛಲೋ ಆತು. ಕೆಲಸ ಏನದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಬೆಳಿಗ್ಗೆ ಬೈಕ್ ತೆಗೆದುಕೊಂಡು ನೌಬಾದಿಗೆ ಹೋದೆ. ಅಲ್ಲಿಯ ಕರೇಜ್ ಬೀದರಿನವರಿಗೆ ಗೊತ್ತಿರುತ್ತೆ. ನಾವು ಸುರಂಗ ಬಾವಿ ಅನ್ನುತ್ತೇವೆ. ಬಹಮನಿ ಸುಲ್ತಾನರ ಕಾಲದ್ದು, ಪರ್ಶಿಯಾದಿಂದ ಬಂದ ವಿದ್ಯೆ. ನೆಲದ ಕೆಳಗೆ ಜಂಬಿಟ್ಟಿಗೆ ಕಲ್ಲು ಕೊರೆದು ಉದ್ದಕ್ಕೆ ಕಾಲುವೆ ಮಾಡಿದ್ದಾರೆ. ಸ್ವಲ್ಪವೇ ಇಳಿಜಾರು. ನೀರು ತನ್ನಷ್ಟಕ್ಕೆ ತಾನೇ ಹರಿಯುತ್ತೆ. ಎತ್ತುವ ಕೆಲಸ ಇಲ್ಲ, ಬಿಸಿಲಿಗೆ ಆರುವ ಭಯ ಕಡಿಮೆ. ಅಲ್ಲಲ್ಲಿ ಮೇಲಿನಿಂದ ಕೆಳಗೆ ಬಾವಿಯಂಥ ಬಾಯಿಗಳು. ತೋಡುವಾಗ ಮಣ್ಣು ಮೇಲೆತ್ತಿದ್ದು ಅಲ್ಲಿಂದಲೇ. ಆಮೇಲೆ ಗಾಳಿ, ಬೆಳಕು ಬಂದದ್ದೂ ಅಲ್ಲಿಂದಲೇ. ಎಷ್ಟೋ ಕಾಲ ಹೂಳು ತುಂಬಿ ಜನ ಮರೆತೇ ಬಿಟ್ಟಿದ್ದರು. ಮತ್ತೆ ಹುಡುಕಿ ಹೂಳು ತೆಗೆದದ್ದು ಈಚಿನ ವರ್ಷಗಳಲ್ಲಿ.

ಒಂದು ಬಾಯಿಯ ಹತ್ತಿರ ನಿಂತು ಕೆಳಗೆ ನೋಡಿದೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಕೆಲಸ ಸಿಕ್ಕಿತು ಅನ್ನಿಸಿತು. ಇನ್ನೂ ಮುಚ್ಚಿಕೊಂಡೇ ಇರುವ ಒಂದು ಬಾಯಿ ಇದೆ ಅಂತ ಅಂದುಕೊಳ್ಳೋಣ. ಅದರ ಹೂಳು ತೆಗೆದು ನೀರು ಹರಿಸಬೇಕು. ನನ್ನ ತಂಡದ ಕೆಲಸ ಇದು.

ಮನೆಗೆ ಬಂದು ಗೋಡೆಯ ಮೇಲಿನ ಹನ್ನೊಂದನ್ನೂ ಕಿತ್ತೆ.

ಅದೇ ವಾರ, ಗುರುವಾರ

ಕಾಕಾನ ಮುಂದೆ ಚಹಾ ಇಟ್ಟು ಕೇಳಿದೆ. ಬಾವಿಗೆ ಮಂದಿ ಹೇಗೆ ಆರಿಸ್ತೀರಿ? ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ. "ಕೆಳಗ ಇಳಿಯೋರನ್ನ ಕಡೀಗಿ ಆರಿಸು. ಮೊದ್ಲ ಮ್ಯಾಲ ಹಗ್ಗ ಹಿಡಿಯೋರನ್ನ ನೋಡು. ಇಳಿಯೋರು ಭಾಳ ಮಂದಿ ಸಿಗ್ತಾರ. ಹಗ್ಗ ಹಿಡಿಯೋರು ಸಿಗಂಗಿಲ್ಲ."

ಇನ್ನೂ ಹೇಳಿದರು. ಮುಚ್ಚಿದ ಬಾವಿಗೆ ಮೊದಲು ದೀಪ ಇಳಿಸಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಬಾವಿಯ ಗೋಡೆಗೆ ಜೇನು ಕಟ್ಟಿರುತ್ತೆ, ಅದನ್ನು ಕೆಣಕಬಾರದು. ಹಗ್ಗ ಗಂಟು ಬಿದ್ದರೆ ಕತ್ತರಿಸಬಾರದು, ಬಿಡಿಸಬೇಕು. ಒಂದು ಮಾತು ಹೇಳುವಾಗ ಅವರ ದನಿ ಬೇರೆ ಆಯಿತು. ಕೆಳಗಿದ್ದವನು ಕೂಗಿದ್ದು ಮೇಲಿದ್ದವನಿಗೆ ಕೇಳಿಸಲೇಬೇಕು.

ಇದಾದ ಮೇಲೆ ಪುಸ್ತಕಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ.

ಆಷಾಢದ ನಡುವೆ

ಜೇನು ಅಂದ ತಕ್ಷಣ ಮಂದಣ್ಣ ಬಂದ. ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯ, ಜೇನು ಹಿಡಿಯುವ ಮಂದಣ್ಣ. 1980ರ ಪುಸ್ತಕ, ನಿಯಮದೊಳಗೇ ಇದೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಅವನೊಳಗೆ ಒಬ್ಬ ನಿಜವಾದ ಜೀವವಿಜ್ಞಾನಿ ಇದ್ದಾನೆ ಅಂತ ಕಂಡದ್ದು ವಿಜ್ಞಾನಿ ಕರ್ವಾಲೋಗೆ ಮಾತ್ರ. ಅಂದಮೇಲೆ ಇಬ್ಬರನ್ನೂ ತೆಗೆದುಕೊಳ್ಳಲೇಬೇಕು. ಕರ್ವಾಲೋ ಇಲ್ಲದಿದ್ದರೆ ಮಂದಣ್ಣನ ಮಾತು ಯಾರೂ ಕೇಳಲ್ಲ. ಮಂದಣ್ಣ ಇಲ್ಲದಿದ್ದರೆ ಕರ್ವಾಲೋಗೆ ದಾರಿ ಸಿಗಲ್ಲ. ಎರಡು ಪತ್ರಿಕೆ ಒಂದೇ ಪಿನ್ನಿಗೆ ಸಿಕ್ಕಿಸಿದೆ.

ಅಗೆಯುವವನು ಈರ್ಯ. ಅಮರೇಶ ನುಗಡೋಣಿಯವರ 'ಸವಾರಿ' ಕತೆಯಿಂದ ಗಿರೀಶ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಸಿನಿಮಾ ಮಾಡಿದರಲ್ಲ, ಅದರಲ್ಲಿ ಗುಂಡಿ ತೋಡುವವನು. ಸಿನಿಮಾದಲ್ಲಿ ಈರ್ಯ ಆದವರು ನಮ್ಮ ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ. ಬೇರೆ ಸಿನಿಮಾಗಳಲ್ಲಿ ಅವರನ್ನು ಕಂಡು ನಕ್ಕಿದ್ದೆ. ಇದರಲ್ಲಿ ನಗು ಬರಲಿಲ್ಲ. ಈರ್ಯನಿಗೆ ಕನಸಿನಲ್ಲಿ ಸಿದ್ಧ ಕಾಣಿಸಿದರೆ ಊರಲ್ಲಿ ಒಂದು ಸಾವು ಅಂತ ನಂಬಿಕೆ. ಸಾಯುವವರಿಗಾಗಿ ಇಷ್ಟು ಅಗೆದವನು ಒಂದು ಸಲ ನೀರಿಗಾಗಿ ಅಗೆಯಲಿ ಅನ್ನಿಸಿತು. ಈ ಪತ್ರಿಕೆ ಬರೆಯುವಾಗ ನನ್ನ ಕೈ ನಿಧಾನ ಆಯಿತು.

ಅವನ ಜೊತೆ ಇಳಿಯುವವನು ವಸುಧೇಂದ್ರರ ಮೋಹನಸ್ವಾಮಿ. 2013ರ ಪುಸ್ತಕ. ಗಂಡಸನ್ನು ಪ್ರೀತಿಸುವ ಗಂಡಸು. ಅದನ್ನು ಹೇಳಲೂ ಆಗದೆ ಬಚ್ಚಿಡಲೂ ಆಗದೆ ಬೆಳೆದವನು. ಅದರಲ್ಲೇ ಇರುವ ಇನ್ನೊಂದು ಕತೆಯಲ್ಲಿ ಕಿಲಿಮಂಜಾರೋ ಹತ್ತುತ್ತಾನೆ. ಅಕ್ಕನ ಮಗಳು ಕೇಳಿದಳು, "ಹತ್ತೋನನ್ನ ಯಾಕ ಇಳಿಸ್ತೀ?" ಕತ್ತಲೆಯಲ್ಲಿ ಒಬ್ಬನೇ ಇದ್ದು ಅವನಿಗೆ ಗೊತ್ತು, ಅದಕ್ಕೆ ಅಂದೆ. ಈಗ ಪಕ್ಕದಲ್ಲಿ ಈರ್ಯ ಇರ್ತಾನೆ. ಮೇಲೆ ಹಗ್ಗ ಇರುತ್ತೆ. ಅವಳು ಸುಮ್ಮನೆ ಪತ್ರಿಕೆ ತೆಗೆದುಕೊಂಡು ತಾನೇ ಪಿನ್ ಚುಚ್ಚಿದಳು.

ಗಂಟು ಬಿಡಿಸಲು ಅನಿತಾ. ಬೇರೆ ಯಾರನ್ನೂ ಯೋಚಿಸಲೇ ಇಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅನ್ನುವ ಹೆಸರೇ ಅವಳಿಂದ ಬಂದದ್ದು. ಬಿಡಿಸಲಾಗದಂತೆ ಸಿಕ್ಕು ಬಿದ್ದದ್ದಕ್ಕೆ ಅವಳ ತೌರುಮನೆಯವರು ಮಾತ್ರ ಆಡುವ ಮಾತು. ಗಂಡನ ಮನೆಯ ಸಿಕ್ಕನ್ನು ಬಾಯಿಬಿಟ್ಟು ಹೇಳಿದವಳೂ ಅವಳೇ. ಆ ಮನೆಯ ಚಿಕ್ಕಪ್ಪ ದುಡ್ಡು ಹಾಕಲು ಮುಂದೆ ಬಂದಾನು. ಸೋನಾ ಮಸಾಲೆಯ ವ್ಯಾಪಾರ ಇದೆಯಲ್ಲ. ಅವರ ಪತ್ರಿಕೆ ಬರೆಯಲಿಲ್ಲ. ಅವರ ದುಡ್ಡು ಬಂದರೆ ಅನಿತಾ ಬಾಯಿ ಮುಚ್ಚಬೇಕಾಗುತ್ತೆ.

ಕುದುರೆ ಒಂದು ಇದ್ದರೆ ಮಣ್ಣು ಎಳೆಯಲು ಒಳ್ಳೆಯದು ಅಂತ ಜಯಂತ ಕಾಯ್ಕಿಣಿಯವರ ದಗಡೂ ಪರಬನ ಮದುವೆ ಕುದುರೆಯನ್ನು ನೆನೆದೆ. ಮದುಮಗನನ್ನು ಹೊತ್ತುಕೊಂಡೇ ಮುಂಬಯಿಯ ಬೀದಿಯಲ್ಲಿ ಓಡಿಹೋಗುವ ಕುದುರೆ. ನನಗೆ ಬಹಳ ಇಷ್ಟದ ಕತೆ. ಕಾಕಾ ಒಪ್ಪಲಿಲ್ಲ. ಬೆದರಿ ಓಡುವ ಕುದುರೆಯನ್ನು ಬಾವಿ ಹಗ್ಗಕ್ಕೆ ಕಟ್ಟುವುದು ಅಂದರೆ ಕೊಲೆ ಅಂದರು. ಬಿಟ್ಟೆ.

ಮಳೆ ಜೋರಾದ ವಾರ

ಹಗ್ಗದ ಕೆಲಸ ಇನ್ನೂ ಉಳಿದಿತ್ತು.

ಮೊದಲ ಹೆಸರು ಸುಲಭ. ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಕತೆಯ ದಾನಮ್ಮ. ಅವಳು ಕೂಗಿದರೆ ಇಡೀ ಊರು ಕೇಳಿಸಿಕೊಳ್ಳುತ್ತೆ. ಗಂಡಸರು ಕೆಡಿಸಿದ ಊರನ್ನು ಹೆಂಗಸರು ಸೇರಿ ದಾರಿಗೆ ತಂದ ಕತೆ. ಹಗ್ಗದ ಮೊದಲ ಹಿಡಿ ಅವಳದು.

ಎರಡನೆಯ ಹಿಡಿಗೆ ನಾನೂ ಅಕ್ಕನ ಮಗಳೂ ನಾಲ್ಕು ದಿನ ವಾದ ಮಾಡಿದೆವು. ಅವಳು ಸಲ್ಮಾ ಅಂದಳು. ಬಾನು ಮುಷ್ತಾಕರ 'ಎದೆಯ ಹಣತೆ' ಕತೆಯ ಹುಡುಗಿ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಪ್ರೆಸ್ಸಿನಲ್ಲಿ ಪೇಡೆ ಹಂಚಿದ್ದೆ. ದೀಪಾ ಭಾಸ್ತಿಯವರ ಅನುವಾದದ 12 ಕತೆಗಳ ಪುಸ್ತಕ. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಪುಸ್ತಕಕ್ಕೆ ಹೆಸರು ಕೊಟ್ಟದ್ದು ಇದೇ ಕತೆ.

ಕತೆಯಲ್ಲಿ ಸಲ್ಮಾಳ ತಾಯಿ ಮೆಹರುನ್‌ಳ ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ತೌರಿನವರು ಮೆಹರುನ್‌ಳನ್ನು ವಾಪಸ್ ಅದೇ ಮನೆಗೆ ತಂದುಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿಬಂದು ತಾಯಿಯನ್ನು ಹಿಡಿದುಕೊಳ್ಳುತ್ತಾಳೆ. "ಇದಕ್ಕಿಂತ ಗಟ್ಟಿ ಹಿಡಿದೋರು ಯಾರು ಇದ್ದಾರ ಮಾಮಾ?" ಅಂತ ಅವಳ ಪ್ರಶ್ನೆ.

ಅವಳು ಹೇಳಿದ್ದು ಸರಿ ಅಂತ ನನಗೂ ಗೊತ್ತು. ಆದರೂ ಪತ್ರಿಕೆ ಬರೆಯಲು ಆಗಲಿಲ್ಲ. ಕತೆಯನ್ನು ಮತ್ತೆ ಮೂರು ಸಲ ಓದಿದೆ. ಅದು ಇನ್ನೂ ಹುಡುಗಿ. ಓದಬೇಕಾದ ವಯಸ್ಸು. ಒಂದು ರಾತ್ರಿಯಲ್ಲಿ ಇಡೀ ಮನೆಯ ಭಾರ ಹಿಡಿದಿದ್ದಾಳೆ. ಗಟ್ಟಿ ಹಿಡೀತಾಳೆ ಅಂತ ಅವಳ ಕೈಗೇ ಮತ್ತೆ ಹಗ್ಗ ಕೊಡುವುದು ನನಗೆ ಅನ್ಯಾಯ ಅನ್ನಿಸಿತು. ನಮ್ಮ ಮನೆಗಳಲ್ಲೂ ಹೀಗೇ ಮಾಡ್ತೀವಿ ಅಲ್ವಾ? ಹೊರುವ ಮಗಳ ಮೇಲೆ ಇನ್ನಷ್ಟು ಹೊರಿಸುತ್ತೇವೆ.

ಕಡೆಗೆ ಮೆಹರುನ್ ಹೆಸರು ಬರೆದೆ. ಹಿಡಿದುಕೊಂಡ ಮಗಳಿಂದಾಗಿ ಉಳಿದ ತಾಯಿ. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಜೀವ ಇದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಸಲ್ಮಾ ಆವತ್ತು ಕಾಲೇಜಿಗೆ ಹೋಗಿರಲಿ. ಅಕ್ಕನ ಮಗಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಂದು ಮೆಹರುನ್ ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ 'ಸಲ್ಮಾಳ ಅಮ್ಮ' ಅಂತ ಬರೆದಳು. ಹಾಗೇ ಬಿಟ್ಟಿದ್ದೇನೆ.

ಊಟಕ್ಕೆ ಮತ್ತು ಹುಡುಕಾಟಕ್ಕೆ ಸಾಕವ್ವ. ದೇವನೂರ ಮಹಾದೇವರ 'ಒಡಲಾಳ'ದ ಮುದುಕಿ. ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಹುಡುಕಿದವಳು ಕಳೆದುಹೋದ ನೀರನ್ನು ಬಿಡ್ತಾಳಾ? ಆ ಮನೆಯವರೆಲ್ಲ ಒಲೆಯ ಸುತ್ತ ಕೂತು ರಾತ್ರಿಯಿಡೀ ಕಡಲೆಕಾಯಿ ತಿನ್ನುವ ಭಾಗ ಓದಿದಾಗಲೆಲ್ಲ ನನಗೆ ಹಸಿವಾಗುತ್ತೆ. ನಮ್ಮ ಕಡೆ ಅದು ಶೇಂಗಾ. ಜೋಳದ ರೊಟ್ಟಿ, ಶೇಂಗಾ ಹಿಂಡಿ ನಾವು ಕೊಡೋಣ, ಸಾಕವ್ವ ಹಂಚಲಿ.

ಆಷಾಢ ಮುಗಿಯುವ ಹೊತ್ತಿಗೆ

ಹಗ್ಗಕ್ಕೆ ಇನ್ನೂ ಎರಡು ಜೋಡಿ ಕೈ ಬೇಕಿತ್ತು. ಅವು ನನ್ನ ಮೇಜಿನ ಮೇಲೇ ಇದ್ದವು.

ಪತ್ರಿಕೆಯ ಪೆಟ್ಟಿಗೆ ಖಾಲಿ ಮಾಡುವಾಗ ಒಂದನ್ನು ತಿರುಗಿಸಿ ಓದಿದೆ. ಮೇಲೆ ಕುಲದೇವರ ಹೆಸರು. ಅದರ ಕೆಳಗೆ ಅಜ್ಜ, ಅಜ್ಜಿ, ತಂದೆ, ತಾಯಿ. ಕೊನೆಯಲ್ಲಿ 'ಸುಖಾಗಮನ ಬಯಸುವವರು' ಅಂತ ಕಾಕಾ, ಮಾಮಾ, ಅತ್ತಿಗಳ 42 ಹೆಸರು. ಒಂದು ಹೆಸರು ಬಿಟ್ಟುಹೋದದ್ದಕ್ಕೇ ಆ ಇಡೀ ಲಾಟು ಮತ್ತೆ ಅಚ್ಚು ಹಾಕಿದ್ದೆ.

ಆಗ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ನೆನಪಾಯಿತು. ಮುಂಬಯಿಯ ಇಬ್ಬರು ಅನಾಥರು, ಪೋಪಟ್ ಮತ್ತು ಆಸಾವರಿ. ಮದುವೆಯಾಗಲು ಹೊರಟಿದ್ದಾರೆ. ಪತ್ರಿಕೆ ಅಚ್ಚು ಹಾಕಿಸಬೇಕು. ಆದರೆ ಅದರಲ್ಲಿ ಯಾರ ಹೆಸರು ಹಾಕುವುದು? ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಪತ್ರಿಕೆಯ ಖಾಲಿ ಜಾಗ ಇಷ್ಟು ನೋಯಿಸಬಹುದು ಅಂತ ತಿಳಿದದ್ದು ಆ ಕತೆಯಿಂದ. ಅವರು ನನ್ನ ಅಂಗಡಿಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಇಬ್ಬರನ್ನೂ ಹಗ್ಗಕ್ಕೆ ಹಾಕಿದೆ. ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಮಷೀನಿನ ಮೇಲಿನ ಬೆಡ್‌ಶೀಟ್ ತೆಗೆದು ಒಂದು ಪತ್ರಿಕೆ ಅಚ್ಚು ಹಾಕಿದೆ. ಪೋಪಟ್, ಆಸಾವರಿ ಲೋಖಂಡೆ ಮದುವೆಯದು. ಸುಖಾಗಮನ ಬಯಸುವವರು: ಕರ್ವಾಲೋ, ಮಂದಣ್ಣ, ಈರ್ಯ, ಮೋಹನಸ್ವಾಮಿ, ಅನಿತಾ, ದಾನಮ್ಮ, ಮೆಹರುನ್, ಸಾಕವ್ವ. ಕಾಗದ ಕೆಂಪು, ಅಕ್ಷರ ಬಂಗಾರದ ಬಣ್ಣ. ಕಾಕಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಲಗ್ನ ಯಾವಾಗ?" ಅಂತ ಕೇಳಿದರು. ನೀರು ಬಂದ ಮೇಲೆ ಅಂದೆ.

ಶ್ರಾವಣದ ಮೊದಲ ಸೋಮವಾರ

ಹತ್ತು ಪತ್ರಿಕೆ ಗೋಡೆಯ ಮೇಲಿವೆ. ಹನ್ನೊಂದನೆಯದು ಖಾಲಿ.

ಕಾರಣ ಇದೆ. ಮಲೆನಾಡಿನವರು, ಮುಂಬಯಿಯವರು, ಬೆಂಗಳೂರಿನವರು ಎಲ್ಲ ಬಂದರು. ರಾಯಚೂರು ಕಡೆಯಿಂದ ಈರ್ಯ ಬಂದ. ಕಲಬುರಗಿ, ಬೀದರ್ ಕಡೆಯ ಮಾತಾಡುವವರು ಒಬ್ಬರೂ ಇಲ್ಲ. ಬಾವಿ ನಮ್ಮದು, ನೀರು ನಮ್ಮದು. ಕೆಳಗಿನಿಂದ ಬಂದ ಕೂಗನ್ನು ಮೇಲಿನವರಿಗೆ ನಮ್ಮ ಮಾತಿನಲ್ಲಿ ತಿಳಿಸುವವರು ಬೇಕಲ್ಲ.

ಗೀತಾ ನಾಗಭೂಷಣರ 'ಬದುಕು' ಮನೆಯಲ್ಲಿದೆ. ಕಲಬುರಗಿಯ ಲೇಖಕಿ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಬಹಳ ಹಿಂದೆ ಓದಿದ್ದೆ. ಆಗ ಅವಸರದಲ್ಲಿ ಓದಿದ್ದು, ಈಗ ಹಗ್ಗದ ಕಣ್ಣಿನಿಂದ ಓದಬೇಕು. ದಪ್ಪ ಪುಸ್ತಕ. ಇವತ್ತಿನಿಂದ ಆರ್ಡರ್‌ಗಳೂ ಶುರುವಾಗಿವೆ, ಒಂದು ಮನೆಯ ಗೃಹಪ್ರವೇಶ, ಎರಡು ಲಗ್ನ. ರಾತ್ರಿ ಅಂಗಡಿ ಮುಚ್ಚಿದ ಮೇಲೆ 20 ಪುಟ ಅಂತ ಗೊತ್ತು ಮಾಡಿಕೊಂಡಿದ್ದೇನೆ. ಅಕ್ಕನ ಮಗಳು ಇನ್ನೊಂದು ಪ್ರತಿ ಲೈಬ್ರರಿಯಿಂದ ತಂದಿದ್ದಾಳೆ. ಅವಳು ಆಗಲೇ 60ನೇ ಪುಟದಲ್ಲಿದ್ದಾಳೆ. ಯಾರನ್ನೋ ಆರಿಸಿದ್ದಾಳೆ ಅನ್ನಿಸುತ್ತೆ, ಹೆಸರು ಮಾತ್ರ ಹೇಳುತ್ತಿಲ್ಲ.