ಕೊನೆಯ ‘ಟಕ್’

ಮೇಜಿನ ಮೇಲೆ ಮೂರು ಸಿ.ಡಿ. ಮೂರರಲ್ಲೂ ಒಂದೇ ಧ್ವನಿಮುದ್ರಣ: ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಶಿಕಾಗೋದಲ್ಲಿ ಓಕೆ ಕಂಪನಿಗಾಗಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ಕಂಪನಿ ಪ್ರತಿ ಮುದ್ರಣಕ್ಕೂ ಕೊಡುವ ಮ್ಯಾಟ್ರಿಕ್ಸ್ ಸಂಖ್ಯೆ ಮೂರಕ್ಕೂ 400967. ಆದರೂ ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ. ಯಾವುದನ್ನು ಕಪಾಟಿನಲ್ಲಿ ಉಳಿಸುವುದು, ಯಾವುದನ್ನು ಮಾರುವುದು ಎಂದು ತೀರ್ಮಾನಿಸಲು ಒಂದು ಭಾನುವಾರ ಪೂರ್ತಿ ಬೇಕಾಯಿತು.

ಮೊದಲ ಕೆಲಸ ಧ್ವನಿಮಟ್ಟ ಸಮ ಮಾಡುವುದು. ಒಂದೇ ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ‘ಸ್ಪಷ್ಟ’ ಅಂದುಕೊಂಡುಬಿಡುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶದಲ್ಲಿ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಧ್ವನಿ ಸಂಪಾದಿಸುವ ಆಡಾಸಿಟಿಯಲ್ಲಿ ಮೂರನ್ನೂ ಒಂದರ ಕೆಳಗೊಂದು ಜೋಡಿಸಿದರಾಯಿತು. ಅತಿ ಎತ್ತರದ ಶಿಖರವನ್ನು ಹಿಡಿದು ಸಮ ಮಾಡಬಾರದು. ಈ ಸಿ.ಡಿ.ಗಳಿಗೆ ಮೂಲವಾದ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಅತಿ ಎತ್ತರದ ಶಿಖರ ಎಷ್ಟೋ ಸಲ ಸಂಗೀತದ್ದಲ್ಲ, ಯಾವುದೋ ಗೀರಿನದು. ಟ್ರಂಪೆಟ್ ಒಂಟಿಯಾಗಿ ನುಡಿಯುವ ಆರಂಭದ ಭಾಗದ ಸರಾಸರಿ ಮಟ್ಟವನ್ನು ಸರಿಹೊಂದಿಸಬೇಕು.

ಆ ಒಂಟಿ ಟ್ರಂಪೆಟ್ಟಿನ ಹಿಂದೆಯೇ ತಟ್ಟೆಯ ‘ಸುಸ್’ ಸದ್ದು ಬತ್ತಲೆಯಾಗಿ ಕೇಳಿಸುವುದು. 78ರ ತಟ್ಟೆಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವವು, ಅರಗಿನವು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯದೇ ಅರಗು, ಅದರಲ್ಲೂ ದೊಡ್ಡ ಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಆದರೆ ತಟ್ಟೆಯಲ್ಲಿ ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು. ಉಕ್ಕಿನ ಮುಳ್ಳನ್ನು ತಾಳಿಕೊಳ್ಳಲು ಬೆರೆಸಿದ ಆ ಪುಡಿಯೇ ಸದ್ದಿನ ಮೂಲ. ಅಂದಮೇಲೆ ಸಿ.ಡಿ.ಯಲ್ಲಿ ಒಂದಿಷ್ಟು ‘ಸುಸ್’ ಉಳಿದಿದ್ದರೆ ಅದು ದೋಷವಲ್ಲ. ಏನೂ ಇಲ್ಲದಿದ್ದರೆ ಅನುಮಾನ ಪಡಬೇಕು.

ಮೊದಲನೆಯ ಸಿ.ಡಿ.ಯಲ್ಲಿ ಏನೂ ಇರಲಿಲ್ಲ. ಯಾವ ಕಂಪನಾಂಕದಲ್ಲಿ ಎಷ್ಟು ಧ್ವನಿಯಿದೆ ಎಂದು ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದರೆ 5,000 ಹರ್ಟ್ಸ್ ದಾಟಿದ ಮೇಲೆ ಕತ್ತಲು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. 1925ರಲ್ಲಿ ಮೈಕ್ರೊಫೋನ್ ಬಂದ ಮೇಲಿನ ಮುದ್ರಣಗಳಲ್ಲಿ ಸಂಗೀತ ಹೆಚ್ಚುಕಡಿಮೆ ಅಲ್ಲಿಯವರೆಗೆ ಸಿಗುತ್ತದೆ. ಮೇಲೆ ಬಹುಪಾಲು ಸದ್ದೇ, ನಿಜ. ಆದರೆ ಟ್ರಂಪೆಟ್ಟಿನ ತುಟಿಯ ಬಿಗುವು, ತಾಳದ ಏಟಿನ ಮೊನೆ ಆ ಗಡಿಯಲ್ಲೇ ಇರುತ್ತವೆ. ಕತ್ತರಿ ಎರಡನ್ನೂ ಒಯ್ದಿತ್ತು. ಇದಕ್ಕಿಂತ ಕೆಟ್ಟದ್ದು ಕಂಪ್ಯೂಟರಿನ ಅತಿ ಶುದ್ಧೀಕರಣ: ಸ್ವರ ಬಂದಾಗ ‘ಸುಸ್’ ಏರುತ್ತದೆ, ಸ್ವರ ನಿಂತಾಗ ಇಳಿಯುತ್ತದೆ, ನಡುವೆ ನೀರೊಳಗಿನ ಗುಳುಗುಳು. ಒಮ್ಮೆ ಗುರುತಿಸಿದರೆ ಆಮೇಲೆ ಬೇರೇನೂ ಕೇಳಿಸದು.

ಎರಡನೆಯದರ ಕಥೆ ಬೇರೆ. ಹೆಡ್‌ಫೋನಿನಲ್ಲಿ ಬ್ಯಾಂಡು ಎಡಬಲಕ್ಕೆ ಹರಡಿಕೊಂಡಿತ್ತು. 1928ರ ಮುದ್ರಣ ಮಾನೋ, ಅಂದರೆ ಒಂದೇ ಚಾನೆಲ್ಲಿನದು, ಹರಡಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಪರೀಕ್ಷೆ ಸುಲಭ: ಎರಡು ಚಾನೆಲ್ ಬೇರ್ಪಡಿಸಿ, ಒಂದನ್ನು ಇನ್ವರ್ಟ್ ಮಾಡಿ (ತಲೆಕೆಳಗಾಗಿಸಿ), ಎರಡನ್ನೂ ಮಾನೋ ಆಗಿಸಿ ಕೂಡಿಸಿ. ಅಪ್ಪಟ ಮಾನೋ ಆಗಿದ್ದರೆ ಮೌನ. ಬರೀ ಚಟಪಟ ಉಳಿದರೆ, ತಟ್ಟೆಯಲ್ಲಿ ಮುಳ್ಳು ಓಡುವ ಗ್ರೂವಿನ ಎರಡು ಗೋಡೆಗಳ ಧ್ವನಿಯನ್ನೂ ಹಾಗೇ ಬಿಟ್ಟಿದ್ದಾರೆ ಎಂದರ್ಥ. ಕಡಿಮೆ ಸವೆದ ಗೋಡೆಯ ಚಾನೆಲ್ಲನ್ನಷ್ಟೇ ಇಟ್ಟುಕೊಂಡರೆ ಸದ್ದು ತಗ್ಗುತ್ತದೆ. ಇಲ್ಲಿ ಉಳಿದದ್ದು ಛತ್ರದೊಳಗಿನಂಥ ಪ್ರತಿಧ್ವನಿ. ಮೇಲಿಂದ ಸುರಿದದ್ದು. ಅದನ್ನು ತೆಗೆಯಲು ದಾರಿಯಿಲ್ಲ.

ವೇಗವನ್ನೂ ನೋಡಲೇಬೇಕು. ‘78’ ಎಂಬುದು ಹೆಸರಿಗೆ ಮಾತ್ರ. ಎಷ್ಟೋ ಕಂಪನಿಗಳು 80ರಲ್ಲಿ ಅಥವಾ ಮನಸ್ಸಿಗೆ ಬಂದ ವೇಗದಲ್ಲಿ ಕೊರೆಯುತ್ತಿದ್ದವು. 80ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು 44 ಸೆಂಟ್ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಕಾಲು ಸ್ವರ. ‘ವೆಸ್ಟ್ ಎಂಡ್ ಬ್ಲೂಸ್’ ಇ ಫ್ಲಾಟ್‌ನಲ್ಲಿದೆ. ಅರ್ಲ್ ಹೈನ್ಸ್‌ನ ಪಿಯಾನೊ ಬಂದಾಗ ಕೀಬೋರ್ಡಿನಲ್ಲಿ ಅದೇ ಮನೆ ಒತ್ತಿ ನೋಡಿ. ಎರಡು ಮನೆಗಳ ನಡುವೆ ತೂಗಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ವೇಗವನ್ನೇ. ತಿದ್ದುವಾಗ ಪಿಚ್ ಒಂದನ್ನೇ ಬದಲಿಸಬಾರದು. ಶ್ರುತಿ, ಲಯ ಎರಡೂ ಒಟ್ಟಿಗೆ ಜಾರಿರುತ್ತವೆ, ಸ್ಪೀಡ್ ಬದಲಿಸಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಕೊಳ್ಳುವ ಮುನ್ನ ಪುಸ್ತಿಕೆಯಲ್ಲಿ ಹುಡುಕಬೇಕಾದದ್ದು ಹೊಗಳಿಕೆಯನ್ನಲ್ಲ, ತಟ್ಟೆಯಿಂದ ಧ್ವನಿಯನ್ನು ವರ್ಗಾವಣೆ ಮಾಡಿದವರ ಹೆಸರನ್ನು. ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸ್ ಹೆಸರಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಕಂಪ್ಯೂಟರಿಗೆ ಮೊದಲಿನ ಕಾಲದಲ್ಲಿ ಅವರು ಟೇಪಿನ ಮೇಲೆ ಪ್ರತಿ ಚಟಕ್ಕನ್ನೂ ಹುಡುಕಿ, ಅಲ್ಲಿನ ಲೇಪವನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಜೆಎಸ್‌ಪಿ ಎಂಬ ಪುಟ್ಟ ಕಂಪನಿ 1999ರಲ್ಲಿ ತಂದ ನಾಲ್ಕು ಸಿ.ಡಿ.ಗಳ ಪೆಟ್ಟಿಗೆ, ಆರ್ಮ್‌ಸ್ಟ್ರಾಂಗ್‌ನ ‘ಹಾಟ್ ಫೈವ್’ ತಂಡದ ಮುದ್ರಣಗಳದ್ದು, ಅವರ ಕೈಯದೇ. ಮೂಲ ಕಂಪನಿಯ ದುಬಾರಿ ಪೆಟ್ಟಿಗೆಗಿಂತ ಇದನ್ನೇ ಮೆಚ್ಚುವವರು ಬಹಳ. ಫ್ರಾನ್ಸಿನ ಕ್ಲಾಸಿಕ್ಸ್ ಸರಣಿ ಕಾಲಾನುಕ್ರಮಕ್ಕೆ ಒಳ್ಳೆಯದು, ಆದರೆ ಅದೇ ಹಾಡನ್ನು ಮತ್ತೊಮ್ಮೆ ನುಡಿಸಿ ಮುದ್ರಿಸಿದ ಪರ್ಯಾಯ ಟೇಕ್‌ಗಳು ಅದರಲ್ಲಿಲ್ಲ, ಧ್ವನಿಯೂ ಒಂದು ಸಂಪುಟದಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಬಹುಕಾಲ 50 ವರ್ಷಕ್ಕೇ ಮುಗಿಯುತ್ತಿದ್ದುದರಿಂದಲೇ ಇಂಥ ಪುಟ್ಟ ಕಂಪನಿಗಳು ಬದುಕಿದ್ದು.

ಹಳೆಯ ಸಿ.ಡಿ.ಯನ್ನು ಕೈಗೆತ್ತಿಕೊಂಡರೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ನಡುವಿನ ಉಂಗುರದಲ್ಲಿ ‘ಮೇಡ್ ಇನ್ ಯು.ಕೆ. ಬೈ ಪಿಡಿಒ’ ಎಂದಿದ್ದು, ಅಂಚು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕೊಳ್ಳಬೇಡಿ. 1988ರಿಂದ 1993ರವರೆಗೆ ಆ ಕಂಪನಿಯ ಕಾರ್ಖಾನೆಯಿದ್ದ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ತಯಾರಾದ ಹಲವು ಸಿ.ಡಿ.ಗಳ ಮೇಲಿನ ಲೇಪ ಪುಸ್ತಿಕೆಯ ಕಾಗದದಲ್ಲಿದ್ದ ಗಂಧಕಕ್ಕೆ ತಡೆಯಲಿಲ್ಲ. ಒಳಗಿನ ಲೋಹ ಅಂಚಿನಿಂದ ಕೊಳೆಯುತ್ತ ಬರುತ್ತದೆ. ಸಿ.ಡಿ. ಒಳಗಿನಿಂದ ಹೊರಕ್ಕೆ ಓಡುವುದರಿಂದ ಮೊದಲು ಹೋಗುವುದು ಕೊನೆಯ ಹಾಡುಗಳೇ. ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಳೆಯ ಪೆಟ್ಟಿಗೆಗಳೊಳಗಿನ ಸ್ಪಂಜಿನ ಹಾಳೆಯನ್ನೂ ಕಿತ್ತೆಸೆಯಿರಿ. ಅದು ಕರಗಿ ಸಿ.ಡಿ.ಗೇ ಅಂಟಿಕೊಳ್ಳುತ್ತದೆ.

ಮೂರನೆಯ ಸಿ.ಡಿ.ಯಲ್ಲಿ ‘ಸುಸ್’ ಇದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ. ಟ್ರಾಂಬೋನಿನ ಹಿಂದೆ ಡ್ರಮ್ ವಾದಕ ಜಟ್ಟಿ ಸಿಂಗಲ್ಟನ್‌ನ ಕೈತಾಳ ಕುದುರೆಯ ಗೊರಸಿನ ಹಾಗೆ ಬಿಡಿಬಿಡಿಯಾಗಿ ಬೀಳುತ್ತದೆ. ಕೊನೆಗೆ ಬ್ಯಾಂಡು ನಿಂತ ಮೇಲೆ ಅದೇ ತಾಳದ್ದು ಒಂದೇ ಒಂದು ‘ಟಕ್’. ಮೊದಲನೆಯದರಲ್ಲಿ ಅದು ಹತ್ತಿಯ ಮೇಲೆ ಬಿದ್ದ ಹಾಗಿತ್ತು, ಎರಡನೆಯದರಲ್ಲಿ ಪ್ರತಿಧ್ವನಿಯೊಳಗೆ ಕರಗಿಹೋಗಿತ್ತು. ಅವೆರಡೂ ಮಾರುವ ಡಬ್ಬಕ್ಕೆ ಹೋದವು.