0.44 ಮಿಲಿಮೀಟರಿನ ಕಾಟ

ಒಂಬತ್ತು ದಿನ ಆಯಿತು. ಕೊನೆಗೂ ಸೈಕಲ್ಲಿನ ಚೈನು ಬಾಯಿ ಮುಚ್ಚಿದೆ.

ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಬಿಚ್ಚಿದ್ದು, ತೊಳೆದದ್ದು ಎಲ್ಲ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. 9 ಸ್ಪೀಡಿನದು, ಅಂದರೆ ಒಂಬತ್ತು ಕಾಗ್ (ಹಲ್ಲುಚಕ್ರ), 11ರಿಂದ 32 ಹಲ್ಲು. ಹಲ್ಲಿನ ಲೆಕ್ಕವೇ ಕಾಗ್‌ನ ಹೆಸರು. ಸಂದಿಯ ಕೊಳೆ ಬರಲಿಲ್ಲ ಅಂತ ದೊಡ್ಡ ಕಾಗ್‌ಗಳ ರಿವೆಟ್‌ಗಳನ್ನೂ ಅರದಿಂದ ಉಜ್ಜಿ ತೆಗೆದೆ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ.

ಜೋಡಿಸಲು ಕೂತಾಗ ಎಣಿಸಿದೆ. ಕಾಗ್‌ಗಳ ನಡುವಿನ ಎಂಟು ಸಂದಿಗೂ ಒಂದೊಂದು ಸ್ಪೇಸರ್, ಅಂದರೆ ಅಂತರ ಕಾಯುವ ಬಳೆ, ಬೇಕು. ನನ್ನದರಲ್ಲಿ 11 ಮತ್ತು 12ರ ಕಾಗ್‌ಗಳಿಗೆ ಅದು ಮೈಗೇ ಅಂಟಿಕೊಂಡಿದೆ. ಬಿಡಿ ಸ್ಪೇಸರ್ ಆರು ಇರಬೇಕು. ಇದ್ದದ್ದು ಐದು. ಮೇಜಿನ ಕೆಳಗೆ ಅರ್ಧ ಗಂಟೆ ತೆವಳಿದ್ದಾಯಿತು, ಸಿಗಲಿಲ್ಲ. ಹಳೇ 8 ಸ್ಪೀಡ್ ಡಬ್ಬದಲ್ಲಿ ಅದೇ ಬಣ್ಣದ, ಅದೇ ಸುತ್ತಳತೆಯ ಒಂದು ಸಿಕ್ಕಿತು. 18 ಮತ್ತು 21ರ ನಡುವೆ ಕೂರಿಸಿ, ಎಲ್ಲವನ್ನೂ ಹೊರಗಿನಿಂದ ಹಿಡಿದಿಡುವ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿದು, ಕೈ ಒರೆಸಿಕೊಂಡೆ.

ಆಮೇಲೆ ಶುರುವಾಯಿತು. ದೊಡ್ಡ ಕಾಗ್‌ಗಳಿಗೆ ಇಂಡೆಕ್ಸಿಂಗ್ (ಗೇರಿನ ಒಂದೊಂದು ಕ್ಲಿಕ್ಕಿಗೂ ಚೈನು ಸರಿಯಾದ ಕಾಗ್ ಮೇಲೆ ನಿಲ್ಲುವ ಹೊಂದಿಕೆ) ಸರಿಮಾಡಿದರೆ 14ರಲ್ಲಿ ಚೈನು ಪಕ್ಕದ ಹಲ್ಲಿಗೆ ಉಜ್ಜುತ್ತಾ ಕಟಕಟ. ಕೇಬಲಿನ ಬಿಗಿ ಹೊಂದಿಸುವ ಬ್ಯಾರೆಲ್ ಸ್ವಲ್ಪ ಸಡಿಲಿಸಿದರೆ 14 ಶಾಂತ, ಆದರೆ 28ಕ್ಕೆ ಹತ್ತಲು ಚೈನಿಗೆ ಸೋಮಾರಿತನ. ಅತ್ತೆಗೆ ಸರಿಯಾದರೆ ಸೊಸೆಗೆ ಆಗಲ್ಲ. ಚೈನು ಸರಿಸುವ ಡಿರೇಲರ್ ನೇತುಬಿದ್ದಿರುವ ಹ್ಯಾಂಗರ್ ಬಾಗಿದೆ ಅಂದುಕೊಂಡೆ. ಅಳೆದೆ, ನೇರ ಇತ್ತು. ಹೊಸ ಕೇಬಲ್ ಹಾಕಿದೆ, ಹೊರಗಿನ ಹೌಸಿಂಗ್ ಕೂಡ. ಡಿರೇಲರನ್ನು ಬೈದೆ, ಪಾಪ.

ಐದನೇ ದಿನ ಟಾರ್ಚ್ ಹಿಡಿದು ಹಿಂದಿನಿಂದ ನೋಡಿದೆ. 18 ಮತ್ತು 21ರ ನಡುವಿನ ಸಂದು ಉಳಿದವಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಅಳೆಯಲು ವರ್ನಿಯರ್ ತಂದೆ. ಉಳಿದವು 2.56 ಮಿಲಿಮೀಟರ್. ಅದು 3.0. ವ್ಯತ್ಯಾಸ 0.44. ಕ್ಯಾಸೆಟ್ ಒಳಬದಿಯ ಅಂಚಿಗೆ ಒರಗಿ ಕೂರುತ್ತದೆ, ಹಾಗಾಗಿ ದೊಡ್ಡವು ಅಲ್ಲಲ್ಲೇ. 11ರಿಂದ 18ರವರೆಗಿನ ಐದೂ ಒಟ್ಟಿಗೆ ಹೊರಗೆ ಸರಿದಿದ್ದವು. 9 ಸ್ಪೀಡಿನಲ್ಲಿ ಒಂದು ಕಾಗ್‌ನಿಂದ ಇನ್ನೊಂದಕ್ಕೆ ಇರುವುದೇ 4.35 ಮಿಲಿಮೀಟರ್. ಅದರಲ್ಲಿ ಹತ್ತನೇ ಒಂದು ಪಾಲು ತಪ್ಪಿದರೆ ಬ್ಯಾರೆಲ್ ತಿರುಗಿಸಿ ಏನು ಪ್ರಯೋಜನ? ಕಾಗ್‌ಗಳನ್ನು ತಿರುಗುಮುರುಗಾಗಿ ಹಾಕಲು ಫ್ರೀಹಬ್ (ಅವು ಕೂರುವ ಉರುಳೆ) ಬಿಡುವುದಿಲ್ಲ, ಅದರ ಮೈಮೇಲಿನ ಒಂದು ತೋಡಿನ ಅಗಲವೇ ಬೇರೆ. ಸ್ಪೇಸರಿಗೆ ಅಂಥ ಕಾವಲಿಲ್ಲ, ಯಾವುದನ್ನಾದರೂ ಒಳಗೆ ಬಿಟ್ಟುಕೊಳ್ಳುತ್ತದೆ.

ಬಿಡಿ ಸ್ಪೇಸರ್ ತರಿಸಿದೆ. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘9 ಸ್ಪೀಡ್’. ಒಳಗಿದ್ದದ್ದು 2.35, ಅಂದರೆ 10 ಸ್ಪೀಡಿನವು. ಮಾರಿದವರಿಗೆ ವರ್ನಿಯರ್ ಫೋಟೊ ಕಳಿಸಿದೆ. ‘ಎಲ್ಲ ಸೈಕಲ್ಲಿಗೂ ಆಗುತ್ತೆ ಸರ್’ ಅಂತ ಉತ್ತರ ಬಂತು. ಹಾಗಾದರೆ ಎಲ್ಲ ಕಾಲಿಗೂ ಒಂದೇ ಚಪ್ಪಲಿ ಮಾರಬಹುದಲ್ವಾ?

ಹಾಕಿ ನೋಡಿದೆ. ಈಗ ತಪ್ಪು ಇನ್ನೊಂದು ಕಡೆಗೆ, 0.21. ಸದ್ದು ಅರ್ಧ ಆಯಿತು, ಸಿಟ್ಟು ಎರಡರಷ್ಟಾಯಿತು.

ಅವತ್ತು ಕೂಲ್‌ಡ್ರಿಂಕ್ ಕುಡಿಯುತ್ತಾ ಕೂತಿದ್ದೆ. ಖಾಲಿ ಟಿನ್ನನ್ನು ಕೈಯಲ್ಲಿ ಅಮುಕುತ್ತಿದ್ದಾಗ ಹೊಳೆಯಿತು. ಕತ್ತರಿಸಿ ಅಳೆದರೆ ಗೋಡೆ 0.1 ಮಿಲಿಮೀಟರ್. ಎರಡು ಪದರ ಇಟ್ಟರೆ 2.55! ಸ್ಪೇಸರನ್ನೇ ಅಚ್ಚಾಗಿಟ್ಟು ಮೊಳೆಯಲ್ಲಿ ಗೀಚಿದೆ. ಒಳಗಿನ ಹಲ್ಲುಗಳ ಗೋಜಿಗೆ ಹೋಗಲಿಲ್ಲ, ಫ್ರೀಹಬ್ಬಿನ ಏಣುಗಳ ಮೇಲೆ ದಾಟುವಷ್ಟು ದುಂಡಗೆ ತೂತು ಮಾಡಿದೆ. ಮೊದಲನೆಯದು ಕತ್ತರಿಯಲ್ಲೇ ಮುದುಡಿತು. ಎರಡನೆಯದರ ಅಂಚಿನಲ್ಲಿ ಮುಳ್ಳು ಎದ್ದು ಬೆರಳು ಕುಯ್ದಿತು. ಮೂರನೆಯದು, ನಾಲ್ಕನೆಯದು ಚೆನ್ನಾಗಿ ಬಂದವು. ಮರಳು ಕಾಗದದಿಂದ ಅಂಚು ತಿಕ್ಕಿ, ಗಾಜಿನ ಬಾಟಲಿ ಉರುಳಿಸಿ ಚಪ್ಪಟೆ ಮಾಡಿದೆ. ಲಾಕ್‌ರಿಂಗ್ ಬಿಗಿಯುವಾಗ ಆ ಕಟಕಟ ಹಲ್ಲಿನ ಸದ್ದು ಕೇಳಿ ಉಸಿರು ಬಿಟ್ಟೆ. ಅದೊಂದು ಕಟಕಟ ಮಾತ್ರ ಇಂಪು.

ಇವತ್ತು ಒಂಬತ್ತೂ ಗೇರು ಮೇಲೆ, ಕೆಳಗೆ. ಮಾತಿಲ್ಲ.

ಇಷ್ಟೆಲ್ಲ ಆದ ಮೇಲೆ ಶೆಲ್ಫಿನಲ್ಲಿರುವ ಸ್ಟರ್ಮಿ ಆರ್ಚರ್ ಎಡಬ್ಲ್ಯೂ ಹಬ್ ಮೇಲೆ ಕಣ್ಣು. ಚಕ್ರದ ನಡುವಿನ ಹಬ್ಬೇ ಗೇರಿನ ಡಬ್ಬ: ಮೂರೇ ಗೇರು, ಎಲ್ಲ ಹೊಟ್ಟೆಯೊಳಗೆ. ನಡುವಿನದು ನೇರ, ಕೆಳಗಿನದು ಅದರ 75 ಶೇಕಡಾ, ಮೇಲಿನದು 133. ಮೈಮೇಲೆ 72 ಅಂತ ಇಸವಿ ಒತ್ತಿದ್ದಾರೆ. ಒಳಗಿನ ಪಾಲ್ (ಹಲ್ಲಿಗೆ ಸಿಕ್ಕಿ ಹಿಡಿಯುವ ಕೊಕ್ಕೆ) ಸ್ಪ್ರಿಂಗ್‌ಗಳು ಕೂದಲಿನಷ್ಟು ತೆಳು, ಹಾರಿದರೆ ಗೋವಿಂದ. ಈ ಸಲ ಬಿಳಿ ಬಟ್ಟೆ ಹಾಸಿಕೊಂಡೇ ಬಿಚ್ಚುತ್ತೇನೆ.

ಅಂದ ಹಾಗೆ, ಕಳೆದುಹೋದ ಸ್ಪೇಸರ್ ಸಿಕ್ಕಿತು. ಜಿಡ್ಡು ತೊಳೆಯುವ ಡಿಗ್ರೀಸರ್ ಡಬ್ಬ ಚೆಲ್ಲುವಾಗ ತಳದ ಕಪ್ಪು ಕೆಸರಿನಲ್ಲಿ ಕಪ್ಪಗೆ ಮಲಗಿತ್ತು. ತೊಳೆದು ಅಳೆದೆ, 2.56. ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕ್ಯಾಸೆಟ್ ಮಾತ್ರ ಮತ್ತೆ ಬಿಚ್ಚಲ್ಲ.