ನಂದಿ ಹಾಲ್ಟ್‌ನಲ್ಲಿ ಇಳಿಯುವವರು ಕಡಿಮೆ

ನಂದಿ ಬೆಟ್ಟದ ಸೂರ್ಯೋದಯದ ಹುಚ್ಚು ನನಗಿಲ್ಲ. ನಸುಕಿನಲ್ಲೇ ಎದ್ದು ಹೋಗಿ, ಕಾರುಗಳ ಸಾಲಿನಲ್ಲಿ ನಿಂತು ಹಾರನ್ ಕೇಳೋದಕ್ಕೆ ಬೆಂಗಳೂರೇ ಸಾಕು, ಅಲ್ವಾ? ನನಗೆ ನೋಡಬೇಕಿದ್ದದ್ದು ಬೆಟ್ಟದ ಕೆಳಗಿನ ಪುಟ್ಟ ರೈಲ್ವೆ ಸ್ಟೇಷನ್.

ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ಗಾಡಿ ಹತ್ತಿದೆ. 2021ರಲ್ಲಿ ಶುರುವಾದ ಏರ್‌ಪೋರ್ಟ್ ಹಾಲ್ಟ್ ಬಂದಾಗ, ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗರು ದಬದಬ ಇಳಿದರು. ಸೂಟ್‌ಕೇಸ್ ಹಿಡಿದವರು ಒಬ್ಬರೂ ಇರಲಿಲ್ಲ. ದೇವನಹಳ್ಳಿ ದಾಟಿದ ಮೇಲೆ ಬೋಗಿ ಖಾಲಿ ಖಾಲಿ.

ಹಳೇ ಕಟ್ಟಡ ಅಂದರೆ ಸುಮ್ನೆ ಬಣ್ಣ ಬಳಿದು ಬೋರ್ಡ್ ತಗುಲಿಸಿರುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ. ಪಾಳು ಬಿದ್ದಿದ್ದ ನಂದಿ ಹಾಲ್ಟ್ ಸ್ಟೇಷನ್ನನ್ನು ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಘಟಕದವರು ಅಚ್ಚುಕಟ್ಟಾಗಿ ರಿಪೇರಿ ಮಾಡಿಸಿದ್ದಾರೆ. ಕಲ್ಲಿನ ಗೋಡೆ, ಅದರ ಮೇಲೆ ಮಂಗಳೂರು ಹೆಂಚು. ಗೋಡೆಗೆ ಕೈಯಿಟ್ಟು ನೋಡಿದೆ. ಉಳಿಯ ಏಟುಗಳು ಬೆರಳಿಗೆ ಸಿಗುತ್ತವೆ. ಒಂದು ಕಡೆ ಮೊಣಕೈ ಎತ್ತರದಲ್ಲಿ ಮಾತ್ರ ಕಲ್ಲು ನುಣುಪಾಗಿತ್ತು. ಎಷ್ಟು ಜನ ಅಲ್ಲಿ ಒರಗಿ ಗಾಡಿ ಕಾದಿದ್ದರೋ!

1915ರ ಹೊತ್ತಿಗೆ ಇಲ್ಲಿಗೆ ಬಂದದ್ದು ಎರಡು ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ ಅಂತರವಿರುವ ನ್ಯಾರೋ ಗೇಜ್, ಅಂದರೆ ಚಿಕ್ಕ ರೈಲು. ಅತ್ತ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲೇ ರೈಲು ಬಂದಿತ್ತು. ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಎರಡೂ ಕೂಡಿಕೊಂಡವು. ಆಗ ಮೈಸೂರಿನ ದಿವಾನರು ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ತಮ್ಮೂರಿನ ಬುಡಕ್ಕೇ ರೈಲು ತಂದುಕೊಂಡರು ಅಂತ ಯಾರಾದರೂ ಗೊಣಗಿದ್ದರೂ ಗೊಣಗಿರಬಹುದು.

ನೆರಳಲ್ಲಿ ಹಿರಿಯರೊಬ್ಬರು ಕೂತಿದ್ದರು. ಫೋನಿನಲ್ಲಿ ಮನೆಯವರ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಚಿಕ್ಕ ರೈಲು ನೋಡಿದ್ದೀರಾ ಅಂತ ಕೇಳಿದ್ದೇ ತಡ, ನನ್ನತ್ತ ತಿರುಗಿ ಕೂತರು.

"ನೋಡೋದೇನು ಸಾರ್, ರೇಷ್ಮೆಗೂಡಿನ ಚೀಲ ಹೊತ್ಕೊಂಡು ಅದರಲ್ಲೇ ಶಿಡ್ಲಘಟ್ಟಕ್ಕೆ ಹೋಗ್ತಿದ್ದೆ. ಗೂಡು ನಮಗೋಸ್ಕರ ಕಾಯಲ್ಲ. ಚಿಟ್ಟೆ ತೂತು ಮಾಡ್ಕೊಂಡು ಆಚೆ ಬಂತೋ, ನೂಲು ಬಿಚ್ಚಕ್ಕಾಗಲ್ಲ. ಆ ಗಾಡಿಗೇನು ಗೊತ್ತು ನಮ್ಮ ಅವಸರ?"

"ನಿಧಾನವೇ?"

"ಏರಲ್ಲಿ ಏದುಸಿರು ಬಿಡೋದು. ಆದ್ರೂ ಮಾರ್ಕೆಟ್‌ಗೆ ಮುಟ್ಟಿಸ್ತಿತ್ತು. ಆಮೇಲೆ ದೊಡ್ಡ ಗೇಜು ಮಾಡ್ತೀವಿ ಅಂತ ನಿಲ್ಲಿಸಿದ್ರು. ಕಾದ್ವಿ, ಕಾದ್ವಿ. ಗೂಡು ಟೆಂಪೋ ಹತ್ತಿತು."

ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಬ್ರಾಡ್ ಗೇಜ್ ಗಾಡಿ ಓಡಿದ್ದು 2013ರಲ್ಲಿ. ಅಷ್ಟರಲ್ಲಿ ಅವರು ರೇಷ್ಮೆ ಬಿಟ್ಟು ಹೂವು ಹಾಕಿದ್ದರಂತೆ. ಹೂವಿಗೆ ರಾತ್ರಿಯೇ ಗಾಡಿ ಬೇಕು. ಅದಕ್ಕೂ ಟೆಂಪೋವೇ.

ಉಪನಗರ ರೈಲಿನ ಮಾತು ತೆಗೆದೆ. 'ಸಂಪಿಗೆ' ಮಾರ್ಗದ ಯೋಜನೆ ಇರೋದು ಬೆಂಗಳೂರಿನಿಂದ ದೇವನಹಳ್ಳಿವರೆಗೆ, ಸುಮಾರು 41 ಕಿಲೋಮೀಟರ್. ಅವರು ಕೈಯಾಡಿಸಿದರು. "ಹೂವಿನ ಹೆಸರು ಅವರಿಗೆ, ಹೂವು ಬೆಳೆಯೋದು ನಾವು. ದೇವನಹಳ್ಳಿತನಕ ಬಂದೋರಿಗೆ ಇನ್ನೆರಡು ಹೆಜ್ಜೆ ಇಡಕ್ಕೇನು?"

ಕಟ್ಟಡ ರಿಪೇರಿ ಆದದ್ದು ಚೆನ್ನಾಗಿದೆ ಅಲ್ವಾ ಅಂದೆ. "ಚೆನ್ನಾಗಿದೆ. ಫೋಟೋ ತೆಗೆಯಕ್ಕೆ ಬರ್ತಾರೆ. ಕಾರಲ್ಲಿ." ಈ ಮಾತು ನನಗೆ ಸರಿಯಾಗೇ ನಾಟಿತು. ಮ್ಯೂಸಿಯಂ, ಚಿತ್ರಪ್ರದರ್ಶನ ಎಲ್ಲಾ ಆಗಲಿ, ಬೇಡ ಅನ್ನಲ್ಲ. ಆದರೆ ಸ್ಟೇಷನ್ ಉಳಿಯಬೇಕು ಅಂದರೆ ಗಾಡಿಗಳು ಜಾಸ್ತಿ ನಿಲ್ಲಬೇಕು.

ಭೋಗನಂದೀಶ್ವರನನ್ನೂ ನೋಡಿದೆ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ದೇವಸ್ಥಾನಕ್ಕೆ ಸ್ಟೇಷನ್ನಿಂದ ನಡೆದೇ ಹೋಗಿ, ಆಟೋ ಬೇಡ. ನನ್ನನ್ನು ಹತ್ತಿಸಿಕೊಂಡವನು ಊರೆಲ್ಲ ಸುತ್ತಿಸಿ ಇನ್ನೂರು ರೂಪಾಯಿ ಕಿತ್ತ. ವಾಪಸ್ ನಡೆದು ಬಂದಾಗ ತಿಳಿಯಿತು, ದಾರಿ ಎಷ್ಟು ಹತ್ತಿರ ಅಂತ. ಹೊರಡುವ ಮುನ್ನ ಸಂಜೆಯ ಗಾಡಿ ಆ ದಿನ ಇದೆಯೋ ಇಲ್ಲವೋ ನೋಡಿಕೊಳ್ಳಿ. ಭಾನುವಾರವಂತೂ ಎರಡು ಸಲ ನೋಡಿ.